ಸವಾರಿಯ ದುಆ ಮತ್ತು ಗೊರೇಬಾಳದ ರಸ್ತೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬದುಕುವ ನಮ್ಮ ಸೀಮೆಯಲ್ಲಿ ಭತ್ತದ ಕಟಾವು ಆರಂಭವಾಯಿತೆಂದರೆ ಡಾಂಬರು ರಸ್ತೆಯ ಅರ್ಧಭಾಗ ಕಣವಾಗಿಬಿಡುತ್ತದೆ. ರೈತರು ಅಲ್ಲಿ ಭತ್ತ ಒಣಹಾಕುತ್ತಾರೆ, ವಾಹನಗಳು ಮೇಲೆ ಹಾಯದಂತೆ ಅಂಚಿಗೆ ಕಲ್ಲುಗಳನ್ನು ಸಾಲಾಗಿ ಇಡುತ್ತಾರೆ. ಸಂಜೆಗೆ ಭತ್ತ ಚೀಲ ಸೇರುತ್ತದೆ, ಕಲ್ಲು ಅಲ್ಲಿಯೇ ಉಳಿಯುತ್ತದೆ. ಗದ್ದೆಯಿಂದ ಮೇಲೇರುವ ಟ್ರ್ಯಾಕ್ಟರಿನ ಗಾಲಿಗಳು ಕೆಸರನ್ನು ಹೊತ್ತು ತಂದು ರಸ್ತೆಗೆ ಬಳಿಯುತ್ತವೆ. ಹಿಂಬದಿಯ ಕೆಂಪು ದೀಪವೇ ಇಲ್ಲದ ಟ್ರೇಲರ್‌ಗಳು ಕತ್ತಲಲ್ಲಿ ನಿಂತಿರುತ್ತವೆ. ದಾರಿಯಿಂದ ಕಂಟಕವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಮಕ್ತಬ್‌ನಲ್ಲಿ ನಮ್ಮ ಮಕ್ಕಳು ಆ ಹದೀಸನ್ನು ಬಾಯಿಪಾಠ ಒಪ್ಪಿಸುತ್ತಾರೆ. ಹೊರಗೆ ಕಲ್ಲು ಹಾಗೆಯೇ ಬಿದ್ದಿರುತ್ತದೆ.

ಇಂತಹ ರಸ್ತೆಗಳಿಗೆ ಈಗ ಹೊಸ ಬಗೆಯ ಬೈಕುಗಳು ಬಂದಿವೆ. ದೂರಪ್ರಯಾಣಕ್ಕೆಂದೇ ತಯಾರಾದ, ಸುಮಾರು 200 ಕಿಲೋ ತೂಗುವ ಈ ವಾಹನಗಳನ್ನು ಯುವಕರು ಸಾಲ ಮಾಡಿಯಾದರೂ ಕೊಳ್ಳುತ್ತಾರೆ. ದೇಶ ಸುತ್ತುವ ಆಸೆಯನ್ನು ನಾವು ಹಳಿಯಲಾರೆವು. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಹಲವೆಡೆ ಕರೆಯುತ್ತದೆ. ಆದರೆ ಗಂಟೆಗೆ 80 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿನಲ್ಲಿ 22 ಮೀಟರ್ ದಾಟುತ್ತದೆ. ಕಣ್ಣು ಕಲ್ಲನ್ನು ಕಂಡು ಕೈ ಬ್ರೇಕನ್ನು ಹಿಡಿಯುವಷ್ಟರಲ್ಲಿ ಅಷ್ಟು ದೂರ ಕಳೆದುಹೋಗಿರುತ್ತದೆ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹೊಸ ಟೈರುಗಳ ಮೇಲ್ಮೈ ಸವೆಯುವವರೆಗೆ ಹಿಡಿತವೂ ಕಡಿಮೆ.

ಅನೇಕರ ಟ್ಯಾಂಕಿನ ಮೇಲೆ ಸವಾರಿಯ ದುಆದ ಸ್ಟಿಕ್ಕರ್ ಇರುತ್ತದೆ. ಸೂರಃ ಅಝ್ಝುಖ್ರುಫ್‌ನ ಆ ದುಆಗೆ ಎರಡು ಭಾಗಗಳಿವೆ. ಈ ವಾಹನ ನಮ್ಮ ಸಾಮರ್ಥ್ಯದಿಂದ ವಶವಾದುದಲ್ಲ, ಅಲ್ಲಾಹನು ವಶಪಡಿಸಿ ಕೊಟ್ಟದ್ದು ಎಂಬುದು ಮೊದಲನೆಯದು. ನಾವು ಅವನೆಡೆಗೇ ಮರಳುವವರು ಎಂಬುದು ಎರಡನೆಯದು. ಸವಾರಿಯ ಮೇಲೆ ಕುಳಿತ ಕ್ಷಣದಲ್ಲೇ ಮರಣವನ್ನು ನೆನಪಿಸುವ ಈ ದುಆ ಒಂಟೆ, ಕುದುರೆಗಳ ಕಾಲದ್ದು. ನಮ್ಮ ಕಾಲಕ್ಕೆ ಅದು ಇನ್ನೂ ಹೆಚ್ಚು ಒಪ್ಪುತ್ತದೆ.

ಎರಡು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅಂತಹ ಬೈಕು ಕೊಂಡನು. ವಿಜಯಪುರ, ಬೀದರ್ ನೋಡಿ ಬರುವ ಯೋಜನೆ ಹಾಕಿದ್ದನು. ಕೊಂಡು ಹನ್ನೊಂದನೆಯ ದಿನ, ಮಗ್ರಿಬ್ ಕಳೆದ ಮೇಲೆ, ಗೊರೇಬಾಳದ ಸಮೀಪ ಅದೇ ಕಲ್ಲಿನ ಸಾಲನ್ನು ತಪ್ಪಿಸಲು ಹೋಗಿ ಹತೋಟಿ ತಪ್ಪಿ, ಕೂಲಿ ಮುಗಿಸಿ ಕ್ಯಾಂಪಿಗೆ ನಡೆದು ಹೋಗುತ್ತಿದ್ದ ವೃದ್ಧರೊಬ್ಬರಿಗೆ ಗುದ್ದಿದನು. ಹೆಲ್ಮೆಟ್ ಇದ್ದುದರಿಂದ ಇವನ ತಲೆ ಉಳಿಯಿತು, ತೊಡೆಯ ಮೂಳೆ ಮುರಿಯಿತು. ಆ ವೃದ್ಧರು ಮರುದಿನ ತೀರಿಕೊಂಡರು. ಅವರು ಹಿಂದೂ ಸಹೋದರರು.

ನೋಡಲು ಬಂದ ಬಂಧುಗಳೆಲ್ಲ ಒಂದೇ ಮಾತು ಹೇಳಿದರು: ತಕ್ದೀರ್. ಕಲ್ಲಿಟ್ಟ ರೈತನನ್ನು ಶಪಿಸಿದವರೂ ಇದ್ದರು. ಹುಡುಗ ಮಾತ್ರ ನಮ್ಮನ್ನು ಕೇಳಿದನು: “ಹಜರತ್, ವೇಗ ನನ್ನದೇ ಇತ್ತು. ವಿಮೆಯವರು ಹಣ ಕೊಟ್ಟರೆ ನನ್ನ ಲೆಕ್ಕ ತೀರುತ್ತದೆಯೇ?”

ತಕ್ದೀರಿನಲ್ಲಿ ನಮಗೆ ವಿಶ್ವಾಸವಿದೆ. ಆದರೆ ಅದು ಹೊಣೆಯನ್ನು ಇಳಿಸಿಡುವ ಕಟ್ಟೆಯಲ್ಲ. ಶಾಮ್‌ನಲ್ಲಿ ಪ್ಲೇಗ್ ಹಬ್ಬಿದ್ದಾಗ ಹಝ್ರತ್ ಉಮರ್(ರ) ಸರ್ಗ್ ಎಂಬಲ್ಲಿಂದ ಹಿಂದಿರುಗಿದರು. ವಿಧಿಯಿಂದ ಓಡುವಿರಾ ಎಂಬ ಪ್ರಶ್ನೆಗೆ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿರುವುದಾಗಿ ಉತ್ತರಿಸಿದರು. ಬ್ರೇಕು ಹಿಡಿಯುವುದೂ ತಕ್ದೀರೇ.

ಸೂರಃ ಅನ್ನಿಸಾದ 92ನೆಯ ಆಯತ್ತು ಪ್ರಮಾದದಿಂದಾದ ಹತ್ಯೆಗೆ ಎರಡು ಬಾಧ್ಯತೆಗಳನ್ನು ನಿಗದಿಪಡಿಸುತ್ತದೆ. ಮೃತರ ವಾರಸುದಾರರಿಗೆ ದಿಯತ್ ಮನುಷ್ಯರ ಹಕ್ಕು, ಅವರು ಬಯಸಿದರೆ ಮನ್ನಿಸಬಹುದು. ಗುಲಾಮ ವಿಮೋಚನೆ, ಅದು ಅಸಾಧ್ಯವಾದಲ್ಲಿ ನಿರಂತರ ಎರಡು ತಿಂಗಳ ಉಪವಾಸ, ಇದು ಅಲ್ಲಾಹನ ಹಕ್ಕಾದ ಕಫ್ಫಾರಾ. ನ್ಯಾಯಮಂಡಳಿಯ ಪರಿಹಾರ ಮೊದಲನೆಯದರ ಕಡೆಗೆ ಸೇರುವ ವಿಷಯ. ಎರಡನೆಯದನ್ನು ವಿಮಾ ಕಂಪೆನಿ ಹಿಡಿದು ಕೊಡಲಾರದು. ಮೃತರು ಮುಸ್ಲಿಮರಲ್ಲವಲ್ಲ ಎಂದು ಒಬ್ಬ ಹಿರಿಯರು ಮೆಲ್ಲಗೆ ಅಂದರು. ಒಪ್ಪಂದದಿಂದ ಬಾಳುವ ಇತರ ಜನಾಂಗದವರನ್ನು ಅದೇ ಆಯತ್ತು ಹೆಸರಿಸಿ, ಎರಡೂ ಬಾಧ್ಯತೆಗಳನ್ನು ಮತ್ತೆ ಹೇಳುತ್ತದೆ. ಹನಫೀ ಫಿಕ್ಹ್‌ನಲ್ಲಿ ಅವರ ದಿಯತ್ ಮುಸ್ಲಿಮನದಕ್ಕೆ ಸಮಾನ. ನಾವು ಅದನ್ನು ಕಿತಾಬು ತೆರೆದು ತೋರಿಸಬೇಕಾಯಿತು.

ಆ ರಾತ್ರಿ ಇಬ್ಬರನ್ನೂ ಆಸ್ಪತ್ರೆಗೆ ಸಾಗಿಸಿದವನು ದಾರಿಹೋಕ ಆಟೋ ಚಾಲಕ. ಅವನಿಗಿಂತ ಮೊದಲು ಎಷ್ಟೋ ವಾಹನಗಳು ನಿಲ್ಲದೆ ಹೋಗಿದ್ದವು. ಪೊಲೀಸರ ಭಯವೇ ಕಾರಣವೆಂದು ಎಲ್ಲರೂ ಹೇಳುತ್ತಾರೆ, ಆ ಭಯಕ್ಕೆ ಈಗ ಆಧಾರವಿಲ್ಲ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ನೆರವಾದವರಿಗೆ ರಕ್ಷಣೆ ನೀಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಅದೇ 2016ರ ಫೆಬ್ರುವರಿ 16ರಂದು ನೆಲಮಂಗಲದ ಬಳಿ ಲಾರಿಗೆ ಸಿಲುಕಿ ದೇಹವೇ ತುಂಡಾದ ಬೈಕ್ ಸವಾರ ಹರೀಶ್, ತನ್ನ ಅಂಗಗಳನ್ನು ದಾನ ಮಾಡಿರೆಂದು ಸುತ್ತ ನಿಂತವರನ್ನು ಕೇಳಿಕೊಂಡು ಪ್ರಾಣ ಬಿಟ್ಟನು. ಅವನ ಕಣ್ಣುಗಳು ದಾನವಾದವು. ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸೆ ಕೊಡಿಸುವ ಯೋಜನೆಗೆ ರಾಜ್ಯ ಸರ್ಕಾರ ಅವನ ಹೆಸರನ್ನೇ ಇಟ್ಟಿತು. ಒಂದು ಜೀವ ಉಳಿಸಿದವನು ಸಕಲ ಮಾನವರನ್ನು ಉಳಿಸಿದಂತೆ ಎಂಬ ಅರ್ಥದ ಆಯತ್ತನ್ನು ಭಾಷಣಗಳಲ್ಲಿ ಉದಾರವಾಗಿ ಬಳಸುವ ನಾವು, ನಿಲ್ಲದೆ ಹೋದ ಆ ವಾಹನಗಳಲ್ಲಿ ನಮ್ಮವರು ಯಾರಿದ್ದರೆಂದು ಕೇಳಿಕೊಂಡಿಲ್ಲ.

ತಂದೆತಾಯಂದಿರಿಗೆ ಒಂದೇ ಅಂಕಿ ಹೇಳುತ್ತೇವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಹೆಲ್ಮೆಟ್ ಇಲ್ಲದೆ ಸತ್ತವರು ಅವರಲ್ಲಿ 50,029. ಟೋಪಿ ಹಾಳಾಗುತ್ತದೆಂದು ಜುಮಾ ದಿನ ಹೆಲ್ಮೆಟ್ ಬಿಟ್ಟು ಬರುವವರನ್ನು ನಾವು ಪ್ರತಿ ವಾರ ಕಾಣುತ್ತೇವೆ. ಟೋಪಿಯನ್ನು ಜೇಬಿನಲ್ಲಿಡಬಹುದು.

ಹುಡುಗನ ಕಾಲಿಗೆ ರಾಡ್ ಹಾಕಿದ್ದರು. ಔಷಧಿ ನಿಲ್ಲುವವರೆಗೆ ಉಪವಾಸ ಕೂಡದೆಂದು ವೈದ್ಯರು ಅಂದುದರಿಂದ ಒಂದು ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಅವನು ಬೈಕನ್ನು ಮಾರಿ, ಬಂದ ಹಣವನ್ನು ತಂದೆಯೊಡನೆ ಕ್ಯಾಂಪಿಗೆ ಹೋಗಿ ವೃದ್ಧರ ಮಗಳಿಗೆ ಕೊಟ್ಟನು. ಆಕೆ ಮೊದಲು ಮುಖ ತಿರುಗಿಸಿದಳು, ಎರಡನೆಯ ಸಲ ಹೋದಾಗ ತೆಗೆದುಕೊಂಡಳು. ಚಾಂದ್ರಮಾನ ತಿಂಗಳ ಮೊದಲ ದಿನವೇ ಹಿಡಿದರೆ ಎರಡು ತಿಂಗಳು 58 ದಿನಗಳಾದರೂ ಸಾಕು, ನಡುವೆ ಹಿಡಿದರೆ 60 ಪೂರ್ಣವಾಗಬೇಕು. ಒಂದು ದಿನ ತಪ್ಪಿದರೂ ಮೊದಲಿನಿಂದ ಎಣಿಸಬೇಕು. ಅವನು ರಬೀಉಲ್ ಅವ್ವಲ್‌ನ ಮೊದಲ ದಿನದಿಂದ ಹಿಡಿದನು. ಇಂದಿಗೆ ಮೂವತ್ತೊಂದು ಆಗಿವೆ.