ಮಂಡ್ಯದಿಂದ ಮಳವಳ್ಳಿಗೆ ಒಂದು ಮ್ಯಾರಥಾನ್ ದೂರ

ಮಂಡ್ಯದಿಂದ ಮದ್ದೂರಿಗೆ ಸುಮಾರು 20 ಕಿಲೋಮೀಟರ್. ಮದ್ದೂರಿನಿಂದ ಮಳವಳ್ಳಿಗೆ ಇನ್ನೊಂದು 24. ಎರಡನ್ನೂ ಕೂಡಿಸಿ ನೋಡಿ: ಒಂದು ಫುಲ್ ಮ್ಯಾರಥಾನ್, ಅಂದರೆ 42.195 ಕಿ.ಮೀ., ಮೇಲೊಂದಿಷ್ಟು ಕೊಸರು. ಚಿಕ್ಕಂದಿನಿಂದ ಬಸ್ಸಲ್ಲಿ ಓಡಾಡಿದ ದಾರಿ ಇದು. ಆದರೂ ಈ ಲೆಕ್ಕ ನನಗೆ ಹೊಳೆದದ್ದು ಮುಂಬೈ, ಹೈದರಾಬಾದ್, ಲೇಹ್ ಅಂತೆಲ್ಲ ಓಡಿ ಬಂದ ಮೇಲೆ.

42.195 ಅನ್ನೋ ವಿಚಿತ್ರ ಸಂಖ್ಯೆ 1908ರ ಲಂಡನ್ ಒಲಿಂಪಿಕ್ಸ್‌ನದು. ವಿಂಡ್ಸರ್ ಅರಮನೆಯಿಂದ ಸ್ಟೇಡಿಯಮ್ಮಿನಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದಿನವರೆಗೆ ಅಳೆದಾಗ ಅಷ್ಟಾಯಿತು. 1921ರಲ್ಲಿ ಅದೇ ಖಾಯಂ ಆಯಿತು. ಅರಮನೆಯಿಂದ ರಾಜರ ಕುರ್ಚಿವರೆಗಿನ ದೂರ ಮ್ಯಾರಥಾನ್ ಆಗಬಹುದಾದರೆ, ಮಂಡ್ಯ ಬಸ್ ಸ್ಟ್ಯಾಂಡಿನಿಂದ ಮಳವಳ್ಳಿಯ ನಮ್ಮತ್ತೆ ಮನೆವರೆಗಿನ ದೂರ ಯಾಕಾಗಬಾರದು?

ನನ್ನೂರು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಕೆಲಸ ಬೆಂಗಳೂರಲ್ಲಿ, ಸಾಫ್ಟ್‌ವೇರ್ ಟೆಸ್ಟಿಂಗ್. ಕೂತೂ ಕೂತೂ ಸೊಂಟ ಹಿಡಿದಾಗ ಸಹೋದ್ಯೋಗಿಯೊಬ್ಬಳು ಕಬ್ಬನ್ ಪಾರ್ಕಿಗೆ ಎಳ್ಕೊಂಡು ಹೋದಳು. ಐದು ಕಿಲೋಮೀಟರ್ ಹತ್ತಾಯಿತು, ಹತ್ತು ಇಪ್ಪತ್ತೊಂದಾಯಿತು. ಆಮೇಲೆ ಪ್ರತಿ ವರ್ಷ ಒಂದು ಹೊಸ ಊರು. ಅಮ್ಮನಿಗೆ ಮಾತ್ರ ಇದು ಇವತ್ತಿಗೂ ಅರ್ಥವಾಗಿಲ್ಲ. "ದುಡ್ಡು ಕೊಟ್ಟು ಓಡ್ತೀಯಾ? ಯಾರೂ ಅಟ್ಟುಸ್ಕೊಂಡು ಬರ್ತಿಲ್ವಲ್ಲವ್ವ!"

ಒಂದು ದಿನದ ರಸ್ತೆ

ಮುಂಬೈ ಮ್ಯಾರಥಾನ್ ಶುರುವಾದದ್ದು 2004ರಲ್ಲಿ. ಈಗ ಜನವರಿಯ ಮೂರನೇ ಭಾನುವಾರ ನಡೆಯುತ್ತೆ. ಅಲ್ಲಿ ನನಗೆ ಮರೆಯಲಾಗದ್ದು ಬಾಂದ್ರಾ–ವರ್ಲಿ ಸೀ ಲಿಂಕ್. ಉಳಿದ ದಿನಗಳಲ್ಲಿ ಆ ಸೇತುವೆ ಮೇಲೆ ಬೈಕಿಗೂ ಪ್ರವೇಶವಿಲ್ಲ, ನಡೆಯುವವರಿಗೂ ಇಲ್ಲ. ಅವತ್ತು ಮಾತ್ರ ಸಾವಿರಾರು ಜೊತೆ ಕಾಲು, ಕೆಳಗೆ ಸಮುದ್ರ. ಮೂವತ್ತೈದು ಕಿಲೋಮೀಟರ್ ದಾಟಿ ಪೆಡ್ಡರ್ ರಸ್ತೆಯ ಏರು ಬಂದಾಗ ಜೀವ ಬಾಯಿಗೆ ಬಂದಿತ್ತು. ಆಗ ಅಪಾರ್ಟ್‌ಮೆಂಟಿನಿಂದ ಇಳಿದು ಬಂದ ಅಜ್ಜಿಯೊಬ್ಬರು ಕಿತ್ತಳೆ ತೊಳೆಯ ಮೇಲೆ ಉಪ್ಪು ಉದುರಿಸಿ ಕೈಗಿಟ್ಟರು. ಹೆಸರೂ ಗೊತ್ತಿಲ್ಲ, ಭಾಷೆಯೂ ಗೊತ್ತಿಲ್ಲ.

ಹೈದರಾಬಾದ್‌ನದು ಆಗಸ್ಟ್ ಸೆಕೆಯ ಓಟ. ಒಂದು ಫ್ಲೈಓವರ್ ಹತ್ತಿ ಇಳಿದರೆ ಎದುರಿಗೆ ಇನ್ನೊಂದು. ಲೇಹ್‌ನಲ್ಲಿ ಅರ್ಧ ಮ್ಯಾರಥಾನ್ ಅಷ್ಟೇ ಓಡಿದೆ. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರ, ಗಾಳಿಯೇ ತೆಳು. ವಾರ ಮೊದಲೇ ಹೋಗಿ ಸುಮ್ಮನೆ ಮಲಗಿ, ನಡೆದು, ದೇಹವನ್ನು ಒಗ್ಗಿಸಿಕೊಳ್ಳಬೇಕು. ಅಲ್ಲಿ ಕಲಿತದ್ದು ಒಂದೇ: ಓಟದಲ್ಲಿ ನಿಧಾನ ಅನ್ನೋದು ಅವಮಾನ ಅಲ್ಲ.

ಇನ್ನು ನಮ್ಮ ಜಿಲ್ಲೆಯದೇ ಓಟ, ಶ್ರೀರಂಗಪಟ್ಟಣದ ಕಾವೇರಿ ಟ್ರಯಲ್ ಮ್ಯಾರಥಾನ್. ಬೆಂಗಳೂರಿನ 'ರನ್ನರ್ಸ್ ಫಾರ್ ಲೈಫ್' ಬಳಗ ಶುರು ಮಾಡಿದ್ದು. ರಂಗನತಿಟ್ಟಿನ ಹತ್ತಿರ ಕಾಲುವೆ ಏರಿಯ ಮಣ್ಣುದಾರಿ, ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಎಮ್ಮೆ ಹಿಂಡು ಅಡ್ಡ ಬಂದರೆ ನಾವೇ ನಿಲ್ಲಬೇಕು. ಬ್ಯಾಂಡ್ ಇಲ್ಲ, ಡಿಜೆ ಇಲ್ಲ. ಬೆಂಗಳೂರಿಂದ ಬಂದ ಓಟಗಾರರೆಲ್ಲ "ವಾವ್, ಏನ್ ರೂಟು" ಅಂತ ಫೋಟೋ ತೆಗೀತಿದ್ರು. ನನಗೆ ನಗು ಬಂತು. ನಮ್ಮೂರ ಹೆಂಗಸರು ಹುಲ್ಲಿನ ಹೊರೆ ಹೊತ್ತು ದಿನಾ ನಡೆಯೋದು ಇಂಥದ್ದೇ ಏರಿ ಮೇಲೆ.

ಎಲ್ಲ ಊರಿನ ಓಟಕ್ಕೂ ಒಂದು ಸಾಮ್ಯ ಇದೆ. ಅವತ್ತೊಂದು ಬೆಳಗ್ಗೆ ಊರು ತನ್ನ ದಾರಿಯನ್ನು ಕಾಲಿಗೆ ಬಿಟ್ಟುಕೊಡುತ್ತೆ. ಮಾರನೇ ದಿನ ವಾಪಸ್ ತಗೊಳ್ಳುತ್ತೆ. ಹಾಗಾದರೆ ಬಿಟ್ಟುಕೊಡದ ದಿನ, ಬ್ಯಾರಿಕೇಡ್ ಇಲ್ಲದ ದಿನ, ನಮ್ಮ ದಾರಿ ಹೇಗಿರುತ್ತೆ? ನೋಡೇಬಿಡೋಣ ಅಂತ ಡಿಸೆಂಬರಿನ ಒಂದು ಭಾನುವಾರ ಮಂಡ್ಯದಿಂದ ಹೊರಟೆ.

ಮಂಡ್ಯ – ಮದ್ದೂರು

ಬೆಳಗ್ಗೆ ಐದಕ್ಕೆ ಮಂಡ್ಯ ಚಳಿಯಲ್ಲಿ ಮುದುರಿಕೊಂಡಿತ್ತು. ನನ್ನ ಇಡೀ ರೇಸ್ ವ್ಯವಸ್ಥೆ ಅಂದ್ರೆ ನನ್ನ ತಮ್ಮ ಮತ್ತು ಅವನ ಸ್ಕೂಟರ್. ಡಿಕ್ಕಿಯಲ್ಲಿ ನೀರು, ಬೆಲ್ಲ, ಉಪ್ಪು, ಬಾಳೆಹಣ್ಣು, ಒಂದು ಟಾರ್ಚು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದದ್ದು 2023ರ ಮಾರ್ಚ್ 12ರಂದು, ನಮ್ಮ ಜಿಲ್ಲೆಯಲ್ಲೇ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯರಸ್ತೆ ಬಂದ್. ವೇಗದ ರಸ್ತೆಯಲ್ಲಿ ಅದು ಬೇಕಾದದ್ದೇ. ಆದರೆ ನಿಧಾನಕ್ಕೆ ಹೋಗುವವರೆಲ್ಲ ಈಗ ಪಕ್ಕದ ಸರ್ವೀಸ್ ರಸ್ತೆಗೆ ಇಳಿದಿದ್ದಾರೆ. ಹಾಲಿನ ಕ್ಯಾನ್ ಕಟ್ಟಿದ ಬೈಕು, ಕಬ್ಬಿನ ಟ್ರ್ಯಾಕ್ಟರ್, ಶಾಲೆ ಮಕ್ಕಳ ಸೈಕಲ್ಲು, ಎದುರಿಂದ ಬರುವ ಆಟೋ, ಅವುಗಳ ನಡುವೆ ನಾನು. ಓಡುವವರಿಗೆ ಇಲ್ಲೊಂದು ನಿಯಮ: ವಾಹನ ಎದುರಿಗೆ ಕಾಣುವಂತೆ ಬಲಬದಿಯಲ್ಲೇ ಓಡಿ, ಕತ್ತಲಿದ್ದರೆ ಹೊಳೆಯುವ ಜಾಕೆಟ್ ಹಾಕಿ, ಕಿವಿಗೆ ಇಯರ್‌ಫೋನ್ ಬೇಡವೇ ಬೇಡ.

ಬೂದನೂರು ಬರುವಷ್ಟರಲ್ಲಿ ಮೈ ಬಿಸಿಯಾಯಿತು. ಹೊಸಬೂದನೂರಿನಲ್ಲಿ ಹೊಯ್ಸಳರ ಕಾಲದ ದೇಗುಲಗಳಿವೆ. ಕಾರಿನಲ್ಲಿ ಹೋಗುವವರಿಗೆ ಅವು ಕಾಣಲ್ಲ. ಆಮೇಲೆ ಹನಕೆರೆ, ಗೆಜ್ಜಲಗೆರೆ. ಗೆಜ್ಜಲಗೆರೆಯ ಡೇರಿ ಹತ್ತಿರ ಹಾಲಿನ ಲಾರಿಗಳು ಸಾಲಾಗಿ ನಿಂತಿದ್ದವು. ಒಬ್ಬರು ಬೈಕ್ ನಿಲ್ಲಿಸಿ, "ಬಸ್ಸು ಸಿಕ್ಲಿಲ್ವೇನವ್ವ? ಕೂತ್ಕೊ, ಬುಡ್ತೀನಿ" ಅಂದರು. ಬೇಡ ಅಂದಿದ್ದಕ್ಕೆ ಪಾಪ ಅವರಿಗೇ ಬೇಜಾರಾಯಿತು.

ಇನ್ನೊಂದು ಕಡೆ ಟೀ ಅಂಗಡಿಯಿಂದ ಪ್ರಶ್ನೆ: "ಯಾವ ಸೆಲೆಕ್ಷನ್ಗೆ?" ಈ ಪ್ರಶ್ನೆಯನ್ನು ನೀವು ನಗೆಯಲ್ಲಿ ತೇಲಿಸಿಬಿಡಬೇಡಿ. ನಮ್ಮ ಕಡೆ ಬೆಳಗಿನ ಜಾವ ರಸ್ತೆ ಬದಿ ಓಡುವವರು ಮೆಡಲ್‌ಗಾಗಿ ಓಡೋದಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹುಡುಗಿಯರು 400 ಮೀಟರನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಅವತ್ತು ನನ್ನ ಪಕ್ಕ ಸ್ವಲ್ಪ ದೂರ ಇಬ್ಬರು ಹುಡುಗಿಯರು ಓಡಿದರು. ಒಬ್ಬಳ ಶೂ ಅಣ್ಣನದು, ಮುಂದೆ ಬಟ್ಟೆ ತುರುಕಿಕೊಂಡಿದ್ದಳು. "ಅಕ್ಕಾ, ನಲವತ್ತು ಕಿಲೋಮೀಟ್ರು ಓಡಿದ್ರೆ ಯಾವ ಪೋಸ್ಟು ಕೊಡ್ತಾರೆ?" ಅಂತ ಕೇಳಿದಳು. ಯಾವುದೂ ಇಲ್ಲ ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಾಸ್ಟನ್‌ನಲ್ಲಿ 1967ರಲ್ಲಿ ಕ್ಯಾಥರಿನ್ ಸ್ವಿಟ್ಜರ್ ಓಡುವಾಗ ಅಧಿಕಾರಿಯೊಬ್ಬ ಅವಳ ನಂಬರ್ ಕಿತ್ತುಕೊಳ್ಳೋಕೆ ನುಗ್ಗಿದ್ದ. ಅಲ್ಲಿ ಹೆಂಗಸರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ, ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ. ನಮ್ಮ ಹುಡುಗಿಯರನ್ನು ಯಾರೂ ಎಳೆಯೋದಿಲ್ಲ. ಆದರೆ "ಇಷ್ಟೊತ್ತಿಗೆ ಒಬ್ಳೇ ಎಲ್ಲಿಗೆ?" ಅನ್ನೋ ಮಾತು ದಿನಾ ಎದುರಾಗುತ್ತೆ. ಅದಕ್ಕೇ ಅವರು ಇಬ್ಬರು ಓಡೋದು.

ಮದ್ದೂರು – ಮಳವಳ್ಳಿ

ಮದ್ದೂರಿಗೆ ಬಂದಾಗ ಬಿಸಿಲು ಎಳೆಯದಾಗಿತ್ತು. ಈಗ ಕಾರುಗಳೆಲ್ಲ ಮೇಲ್ಸೇತುವೆ ಮೇಲಿಂದಲೇ ಊರು ದಾಟಿಬಿಡುತ್ತವೆ. ವಡೆ ತಿನ್ನಬೇಕಾದರೆ ಮನಸ್ಸು ಮಾಡಿ ಕೆಳಗಿಳಿಯಬೇಕು. ಮದ್ದೂರು ವಡೆ ಹುಟ್ಟಿದ್ದು 1917ರಲ್ಲಿ, ಇಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಹೋಟೆಲ್ ನಡೆಸುತ್ತಿದ್ದ ರಾಮಚಂದ್ರ ಬುಧ್ಯ ಅವರ ಕೈಯಲ್ಲಿ. ಅಕ್ಕಿಹಿಟ್ಟು, ರವೆ, ಮೈದಾ, ದಂಡಿ ಈರುಳ್ಳಿ. ಓಟದ ಮಧ್ಯೆ ಎಣ್ಣೆ ತಿಂಡಿ ಸಲ್ಲದು, ಹಾಗಾಗಿ ನಾಲ್ಕು ಕಟ್ಟಿಸಿ ತಮ್ಮನ ಡಿಕ್ಕಿಗೆ ಹಾಕಿಸಿದೆ. ಎರಡು ದಾರಿಯಲ್ಲೇ ಮಾಯವಾದವು ಅನ್ನೋದು ಬೇರೆ ಮಾತು.

ಮದ್ದೂರಲ್ಲಿ ಎಳನೀರಿನ ದೊಡ್ಡ ಮಾರುಕಟ್ಟೆ ಇದೆ. ಎರಡು ಕುಡಿದು, ಮೇಲೊಂದು ಚಿಟಿಕೆ ಉಪ್ಪು ನೆಕ್ಕಿದೆ. ಎಳನೀರಲ್ಲಿ ಪೊಟ್ಯಾಸಿಯಂ ಧಾರಾಳ. ಬೆವರಲ್ಲಿ ಹೋಗೋದು ಹೆಚ್ಚಾಗಿ ಸೋಡಿಯಂ, ಅದಕ್ಕೇ ಉಪ್ಪು. ಪಕ್ಕದಲ್ಲೇ ಶಿವಪುರ. 1938ರ ಏಪ್ರಿಲ್‌ನಲ್ಲಿ ನಿಷೇಧ ಮೀರಿ ಧ್ವಜ ಹಾರಿಸಿದ ಸತ್ಯಾಗ್ರಹದ ನೆಲ. ಅವತ್ತು ಎಷ್ಟೋ ಹಳ್ಳಿಗಳಿಂದ ಜನ ಅಲ್ಲಿಗೆ ಬಂದು ಸೇರಿದ್ದರು.

ಮದ್ದೂರಿಂದ ಮಳವಳ್ಳಿ ಕಡೆ ತಿರುಗಿದರೆ ಊರಿನ ನಿಜವಾದ ಮುಖ. ಕಬ್ಬು, ಭತ್ತ, ತೆಂಗು, ಹಿಪ್ಪುನೇರಳೆ. ಎಲ್ಲೋ ಆಲೆಮನೆಯಲ್ಲಿ ಪಾಕ ಕುದಿಯುವ ವಾಸನೆ. ಈ ದಾರಿಯ ಹೆಚ್ಚುಕಮ್ಮಿ ನಡುವೆ ಕೆ.ಎಂ.ದೊಡ್ಡಿ, ಅಲ್ಲೊಂದು ಸಕ್ಕರೆ ಕಾರ್ಖಾನೆ. ಮ್ಯಾರಥಾನ್ ಓಡುವವರಿಗೆ ಸುಮಾರು ಮೂವತ್ತು ಕಿಲೋಮೀಟರ್ ಆದ ಮೇಲೆ 'ಗೋಡೆ' ಅಂತ ಒಂದು ಬರುತ್ತೆ. ದೇಹ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಮುಗಿಯುತ್ತಾ ಬಂದು ಕಾಲು ಸೀಸದಂತೆ ಭಾರವಾಗುತ್ತೆ. ನನಗದು ಸರಿಯಾಗಿ ಸಕ್ಕರೆ ಕಾರ್ಖಾನೆ ಹತ್ತಿರವೇ ಬರಬೇಕೇ! ಬೆಂಗಳೂರಲ್ಲಿ ದುಬಾರಿ ಜೆಲ್ ಪ್ಯಾಕೆಟ್ ಹೀರುವವಳು ಇಲ್ಲಿ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಎರಡು ಕಿಲೋಮೀಟರ್ ನಡೆದೆ. ಕಾಲು ಮತ್ತೆ ಮಾತು ಕೇಳಿತು.

ಮಳವಳ್ಳಿ ತಲುಪಿದಾಗ ವಾಚಿನಲ್ಲಿ ಆರು ಗಂಟೆ ಹತ್ತು ನಿಮಿಷ. ಮೆಡಲ್ ಇಲ್ಲ, ಫೋಟೋ ಇಲ್ಲ. ಅತ್ತೆ ಬಾಗಿಲಲ್ಲಿ ನಿಂತು, "ಬಿಸಿಲಲ್ಲಿ ಯಾಕ್ ಹಿಂಗ್ ಕಪ್ಪಾಗ್ಬುಟ್ಟೆ" ಅಂತ ಬೈದು ಬಿಸಿಬಿಸಿ ಮುದ್ದೆ, ಸೊಪ್ಪಿನ ಸಾರು ಇಟ್ಟರು.

ಅಮ್ಮನ ಮೂರು ಕಿಲೋಮೀಟರ್

ಇಷ್ಟೂ ಹೇಳಿದ್ದು ಸಾಹಸ ಕೊಚ್ಚಿಕೊಳ್ಳೋಕಲ್ಲ. ನನ್ನ ಅಮ್ಮನಿಗೆ ಐವತ್ತೆಂಟು. ಮೂರು ವರ್ಷದ ಹಿಂದೆ ಶುಗರ್ ಬಂತು. ಸಕ್ಕರೆ ನಾಡಲ್ಲಿ ಈಗ ಮನೆಗೊಬ್ಬರಿಗೆ ಶುಗರ್ ಅಂತ ಊರವರು ತಮಾಷೆ ಮಾಡ್ತಾರೆ. ಡಾಕ್ಟರ್ ಹೇಳಿದ್ದು, ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ. ಆಯುಷ್ಯವೆಲ್ಲ ಹೊಲ, ಕೆರೆ, ಸಂತೆ ಅಂತ ನಡೆದವಳಿಗೆ ಹೊಸದಾಗಿ ನಡೆಯೋಕೆ ಹೇಳಬೇಕಾಯಿತು. ಹೊಲ ಗುತ್ತಿಗೆಗೆ ಹೋಯಿತು, ಸಂತೆಗೆ ಆಟೋ ಬಂತು.

ನಡೆಯೋಕೆ ಶುರು ಮಾಡಿದಳು. ಎರಡು ತಿಂಗಳಾದ ಮೇಲೆ ಜೊತೆಗೆ ಬರುತ್ತಿದ್ದ ಪಕ್ಕದ ಬೀದಿಯವರಿಗೆ ಬೈಕ್ ತಾಗಿ ಕಾಲು ಮುರಿಯಿತು. ಅವತ್ತಿಂದ ಅಮ್ಮ ರಸ್ತೆಗೆ ಇಳಿಯಲಿಲ್ಲ. ಕಾಲುವೆ ಏರಿ ಇದೆಯಲ್ಲ ಅಂದೆ. ಅವಳಿಗೆ ಅದೂ ಭಯ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ವಿಶ್ವೇಶ್ವರಯ್ಯ ನಾಲೆಗೆ ಬಸ್ ಬಿದ್ದು 30 ಜನ ಹೋದರು. ಸತ್ತವರಲ್ಲಿ ಶಾಲೆ ಮಕ್ಕಳೂ ಇದ್ದರು. ಅದಾದ ಮೇಲೆ ನಮ್ಮ ಕಡೆ ತಡೆಗೋಡೆ ಇಲ್ಲದ ನಾಲೆ ಅಂದ್ರೆ ಎಲ್ಲರ ಎದೆಯೂ ಒಮ್ಮೆ ಝಲ್ ಅನ್ನುತ್ತೆ.

ಮುಂಬೈಯಲ್ಲಿ ಸಮುದ್ರದ ಮೇಲೆ ಓಡುವ ಮಗಳು, ಮನೆ ಮುಂದೆ ಅರ್ಧ ಗಂಟೆ ನಡೆಯಲಾಗದ ಅಮ್ಮ. ಮಂಡ್ಯದಿಂದ ಮಳವಳ್ಳಿವರೆಗೆ ಆರು ಗಂಟೆ ನಾನು ನೋಡಿದ್ದು ಇದನ್ನೇ. ಕಾಲಿಗೆ ಅಂತ ಬಿಟ್ಟ ಒಂದು ಅಡಿ ಅಗಲದ ಅಂಚೂ ಎಷ್ಟೋ ಕಡೆ ಇರಲಿಲ್ಲ. ನನಗಾದರೆ ಅದೊಂದು ಭಾನುವಾರದ ತೊಂದರೆ. ಆ ಪೊಲೀಸ್ ಕನಸಿನ ಹುಡುಗಿಯರಿಗೆ, ಅಮ್ಮನಿಗೆ, ಅದು ದಿನಾ.

ನಾವೀಗ ಮಾಡಿರುವುದು ಚಿಕ್ಕದು. ನಮ್ಮೂರ ಕೆರೆ ಏರಿ ಮೇಲೆ ವಾಹನ ಕಡಿಮೆ. ಲಾಂಟಾನ ಬೆಳೆದು ದಾರಿ ಮುಚ್ಚಿತ್ತು. ತಮ್ಮ, ಅವನ ಗೆಳೆಯರು ಎರಡು ಭಾನುವಾರ ಮಚ್ಚು ಹಿಡಿದು ಒಂದೂವರೆ ಕಿಲೋಮೀಟರ್ ಬಿಡಿಸಿದರು. ಹೋಗಿ ಬಂದರೆ ಮೂರು. ಬೆಳಗ್ಗೆ ಆರಕ್ಕೆ ಅಮ್ಮ ಮತ್ತು ಇನ್ನೂ ನಾಲ್ಕು ಜನ ಹೆಂಗಸರು ಕೋಲು ಹಿಡಿದು ಹೊರಡುತ್ತಾರೆ. ಕೋಲು ಹಾವಿಗೆ, ನಾಯಿಗೆ. ದೀಪ ಹಾಕಿಸಿ, ಏರಿಗೊಂದು ಕಟ್ಟೆ ಕಟ್ಟಿಸಿ ಅಂತ ಅರ್ಜಿ ಕೊಟ್ಟಿದ್ದೇವೆ, ಉತ್ತರ ಇನ್ನೂ ಬಂದಿಲ್ಲ. ಅಮ್ಮನ ಮೂರು ತಿಂಗಳ ಶುಗರ್ ಸರಾಸರಿ ಮಾತ್ರ ಕಳೆದ ಸಲ ಇಳಿದಿತ್ತು.

ನನ್ನ ಗೆಳೆಯರು ಬಾಸ್ಟನ್, ಬರ್ಲಿನ್, ಟೋಕಿಯೊ ಅಂತ ದೊಡ್ಡ ಮ್ಯಾರಥಾನ್‌ಗಳ ಪಟ್ಟಿ ಇಟ್ಟುಕೊಂಡಿದ್ದಾರೆ. 2025ರಲ್ಲಿ ಸಿಡ್ನಿಯೂ ಸೇರಿ ಅವು ಏಳಾಗಿವೆ. ನನಗೂ ಆಸೆ ಇಲ್ಲದಿಲ್ಲ, ಲಾಟರಿ ಹೊಡೆದು ವೀಸಾ ಸಿಕ್ಕರೆ ನೋಡೋಣ. ಸದ್ಯಕ್ಕೆ ಮತ್ತೆ ಮುಂಬೈಗೆ ಹೆಸರು ಕೊಟ್ಟಿದ್ದೇನೆ. ಅದರ ಹಿಂದಿನ ವಾರವೇ ಸಂಕ್ರಾಂತಿ. ದೊಡ್ಡ ಓಟಕ್ಕೆ ಮುಂಚಿನ ಆ ದಿನಗಳಲ್ಲಿ ಕಡಿಮೆ ಓಡಿ ಕಾಲಿಗೆ ವಿಶ್ರಾಂತಿ ಕೊಡಬೇಕು. ಅಮ್ಮನ ಜೊತೆ ಮೂರು ಕಿಲೋಮೀಟರ್ ಅದಕ್ಕೆ ಹೇಳಿ ಮಾಡಿಸಿದ್ದು.

ನೀವೂ ಹಬ್ಬಕ್ಕೆ ಊರಿಗೆ ಹೊರಟಿದ್ದರೆ ಬ್ಯಾಗಿಗೆ ಎರಡು ಜೊತೆ ಶೂ ಹಾಕಿಕೊಳ್ಳಿ. ಒಂದು ನಿಮ್ಮದು. ಇನ್ನೊಂದರ ಅಳತೆಯನ್ನು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಅಮ್ಮಂದಿರು "ನಂಗ್ಯಾಕೆ ಅದೆಲ್ಲ" ಅಂತಾರೆ, ಅದಕ್ಕೆ ಕಿವಿಗೊಡಬೇಡಿ.