ಮುತ್ಯಾನ ತಬಲಾ ಡಬ್ಬಿ, ಭಾಗ 3

ಮೊದಲನೇ ಫೋಟೋದಾಗ ಚಿಪ್ಪಿನ ನಡುವೆ ಒಂದು ಸಣ್ಣ ಗಾಜಿನ ಕಿಟಕಿ ಕಾಣ್ತದಲ್ಲ? ಅದರ ಮ್ಯಾಲಿನ ಸ್ಟಿಕರ್ ಕಿತ್ತವ ನಾನೇ. ಬೈಯೋರು ಕಾಮೆಂಟಿನಾಗ ಬೈರಿ.

ಹಿಂದಿನ ಭಾಗ ಓದದವ್ರಿಗೆ: ಇಂಡಿ ಹತ್ತಿರದ ನಮ್ಮೂರ ಭಜನಾ ಮಂಡಳಿಯಾಗ ತಬಲಾ ಬಾರಿಸೋರು ತೀರಿಕೊಂಡ ಮ್ಯಾಲ ಈ ಎಲೆಕ್ಟ್ರಾನಿಕ್ ಡಬ್ಬಿನೇ ತಾಳ ಹಿಡೀತಿತ್ತು. (ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದೇ ನಮ್ಮ ಬೆಂಗಳೂರಿನಾಗ, 1979ರಾಗ, ಜಿ. ರಾಜ್ ನಾರಾಯಣ್ ಅವರ ಕೈಯಿಂದ. ನಮ್ಮ ಡಬ್ಬಿ ಬ್ಯಾರೆ ಯಾರೋ ಮಾಡಿದ್ದು, ಹೆಸರಿನ ಪಟ್ಟಿನೂ ಉದುರಿ ಹೋಗ್ಯದ.) ಶ್ರಾವಣಕ್ಕ ಮುಂಚೆ ದನಿ ನಿಂತಿತು. ಸಿಂದಗಿಯ ಒಂದು ಅಂಗಡಿಯವ್ರು "ಮೊಬೈಲಿನಾಗ ಆ್ಯಪ್ ಹಾಕ್ಕೋರಿ" ಅಂದ್ರು. ಮುತ್ಯಾ ಒಪ್ಪಲಿಲ್ಲ. ಕಡೀಕ ಕೆಟ್ಟಿದ್ದು ಒಂದು ಕೆಪಾಸಿಟರ್ ಅಷ್ಟೇ.

ನಾ ಮಾಡಿದ ತಪ್ಪು ಬ್ಯಾರೆ. ಚಿಪ್ಪಿನ ನಂಬರ್ ಓದಾಕ ಸ್ಟಿಕರ್ ಕಿತ್ತು, ಬೋರ್ಡನ್ನ ಮಧ್ಯಾಹ್ನ ಪೂರ್ತಿ ಕಟ್ಟಿ ಮ್ಯಾಲ ಬಿಸಿಲಾಗ ಬಿಟ್ಟಿದ್ದೆ. ನಂಬರ್ 27ಸಿ512. ಅಂದ್ರ ಇಪ್ರಾಮ್. ತಬಲಾದ ದನಿ ಎಲ್ಲಾ ಅದರಾಗೇ ಇರೋದು, ಅದನ್ನ ಅಳಿಸೋದೂ ಆ ಕಿಟಕಿಯಿಂದನೇ, ಅಲ್ಟ್ರಾವಯಲೆಟ್ ಬೆಳಕು ಬಿಟ್ಟು. ಇಂಥಾ ಚಿಪ್ಪಿನ ಡೇಟಾಶೀಟಿನಾಗ ಬರ್ದಿರ್ತಾರ: ನೇರ ಬಿಸಿಲಾಗ ಸುಮಾರು ಒಂದು ವಾರ, ಟ್ಯೂಬ್‌ಲೈಟಿನ ಬೆಳಕಿನಾಗ ಸುಮಾರು 3 ವರ್ಷ ಇಟ್ರ ಅಳಿಸಿ ಹೋಗಬಹುದು. ಅದೂ ನಮ್ಮ ಇಂಡಿ ಬಿಸಿಲು! ಓದಿ ಬೆವರು ಬಂತು.

ಬಾಗೇವಾಡಿ ಗೆಳೆಯನ ಹತ್ತಿರ ಚಿಪ್ ಓದೋ ಪ್ರೋಗ್ರಾಮರ್ ಇತ್ತು. ಒಟ್ಟು 64 ಕೆಬಿ, 65,536 ಬೈಟ್. ಈ ಪೋಸ್ಟಿನ ಒಂದೇ ಫೋಟೋ ಅದಕ್ಕಿಂತ ದೊಡ್ಡದು. ಮೂರು ಸಲ ಓದಿ ತಾಳೆ ನೋಡಿದ್ವಿ, ಸರಿ ಬಂತು. ಆದ್ರ ಬಿಕಾಂನವ್ರಿಗೆ ಗೊತ್ತಲ್ಲ, ಟ್ರಯಲ್ ಬ್ಯಾಲನ್ಸ್ ಟ್ಯಾಲಿ ಆದ್ರೂ ಎಂಟ್ರಿ ತಪ್ಪಿರಬಹುದು. ಬಿಸಿಲಾಗ ಅಳಿಸಿದ ಬಿಟ್ ಇದ್ರ ಮೂರೂ ಸಲ ತಪ್ಪೇ ಬರ್ತದ.

ಅದಕ್ಕ ಡಬ್ಬಿ ಮುತ್ಯಾನ ಮುಂದ ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದ. "ಧಾ ಬರೋಬ್ಬರಿ ಅದ. ತಿನ್ ತುಸು ಒಡದಂಗ ಬರ್ತದ."

"ಮೊದ್ಲೂ ಹಿಂಗ ಇತ್ತೇನು ಮುತ್ಯಾ?"

"ಯಾರಿಗ್ಗೊತ್ತೋ ತಮ್ಮಾ. ಆವಾಗ ಇಷ್ಟು ಲಕ್ಷ್ಯ ಕೊಟ್ಟು ಯಾರ್ ಕೇಳ್ತಿದ್ರು?"

ಕೊನೇ ಫೋಟೋದಾಗಿನ ಕರೀ ಚಿಪ್ಪಿಗೆ ಕಿಟಕಿ ಇಲ್ಲ, ಮ್ಯಾಲಿನ ನಂಬರೂ ಉಜ್ಜಿ ತೆಗದಾರ. ಒಳಗಿನ ಪ್ರೋಗ್ರಾಮಿಗೆ ಲಾಕ್ ಅದ, ಓದಾಕ ಬರಂಗಿಲ್ಲ. ಅದು ಸುಟ್ರ ನಮ್ಮ 64 ಕೆಬಿ ಫೈಲ್ ಇದ್ದೂ ಡಬ್ಬಿ ಮೂಕ. ಅಂಥದ್ದೇ ಇನ್ನೊಂದು ಡಬ್ಬಿ ಸಿಕ್ರ ಅದರಾಗಿಂದ ತೆಗದು ಹಾಕಬೇಕು, ಬ್ಯಾರೆ ದಾರಿ ಇಲ್ಲ. ಮುದ್ದೇಬಿಹಾಳ ಕಡೆಯವ್ರು, ನಿಮ್ಮೂರ ಗುಡಿ ಮಠದಾಗ ಈ ನಮೂನಿ ಕೆಟ್ಟ ಡಬ್ಬಿ ಬಿದ್ದಿದ್ರ ಗುಜರಿಗೆ ಹಾಕೋ ಮುಂಚೆ ಡಿಎಂ ಮಾಡ್ರಿ. ಸ್ಟಿಕರ್ ಮಾತ್ರ ಕೀಳಬ್ಯಾಡ್ರಿ.