ಲಕೋಟೆಯಲ್ಲಿ ಒಂದು ಮತ

ಅಮೆರಿಕದ ಡೆಟ್ರಾಯ್ಟ್ ನಗರದಲ್ಲಿ ನಿಂತು ಕೆನಡಾ ನೋಡಬೇಕೆಂದರೆ ದಕ್ಷಿಣಕ್ಕೆ ಮುಖ ಮಾಡಬೇಕು. ಕೆನಡಾ ಅಮೆರಿಕದ ಉತ್ತರಕ್ಕಿದೆ ಎಂದು ಶಾಲೆಯಲ್ಲಿ ಕಲಿತ ನಮಗೆ ಇದು ವಿಚಿತ್ರವೆನಿಸುತ್ತದೆ. ಆದರೆ ಇಲ್ಲಿ ನದಿ ಹಾಗೆ ತಿರುಗಿದೆ. ಈಚೆ ದಡದಲ್ಲಿ ಡೆಟ್ರಾಯ್ಟ್, ಆಚೆ ದಡದಲ್ಲಿ ಕೆನಡಾದ ವಿಂಡ್ಸರ್. 1929ರಲ್ಲಿ ತೆರೆದ ಅಂಬಾಸಿಡರ್ ಸೇತುವೆ ಮತ್ತು ಮರುವರ್ಷ ತೆರೆದ ನದಿಯಡಿಯ ಸುರಂಗ ಎರಡು ದೇಶಗಳನ್ನು ಬೆಸೆಯುತ್ತವೆ. ವಿಂಡ್ಸರ್‌ನ ಎಷ್ಟೋ ದಾದಿಯರು ದಿನವೂ ನದಿ ದಾಟಿ ಡೆಟ್ರಾಯ್ಟಿನ ಆಸ್ಪತ್ರೆಗಳಿಗೆ ಕೆಲಸಕ್ಕೆ ಬರುತ್ತಾರೆ. ಕಾರಿನ ಬಿಡಿಭಾಗಗಳು ಲಾರಿಗಳಲ್ಲಿ ಅತ್ತಿಂದಿತ್ತ ಓಡಾಡುತ್ತಲೇ ಇರುತ್ತವೆ.

ಮಂಗಳೂರಿನಿಂದ ಹೊರಟ ನಮ್ಮ ಕುಟುಂಬ ವಿಂಡ್ಸರ್‌ಗೆ ತಾಗಿಕೊಂಡಿರುವ ಟೆಕುಮ್ಸೆ ಎಂಬ ಊರಿನಲ್ಲಿ ವರ್ಷಗಟ್ಟಲೆ ಇದ್ದು ಕೆನಡಾದ ಪೌರತ್ವ ಪಡೆಯಿತು. ಬಳಿಕ ಪತಿಯ ಉದ್ಯೋಗದ ನಿಮಿತ್ತ ಈಚೆ ದಡಕ್ಕೆ, ಡೆಟ್ರಾಯ್ಟಿನ ಪಕ್ಕದ ಡಿಯರ್‌ಬಾರ್ನ್‌ಗೆ ಬಂದೆವು. ಫೋರ್ಡ್ ಕಂಪೆನಿಯ ಊರು ಇದು. ಇಲ್ಲಿನ ಅರ್ಧಕ್ಕಿಂತ ಹೆಚ್ಚು ಜನ ಅರಬ್ ಮೂಲದವರು. ಲೆಬನಾನಿನವರ ಬೇಕರಿ, ಯಮನಿಗಳ ಚಹಾ ಅಂಗಡಿ, ಇರಾಕಿಗಳ ಹೋಟೆಲು, ಅಂಗಡಿಗಳ ಮೇಲೆ ಅರಬಿ ಫಲಕ. ಹಲಾಲ್ ಮಾಂಸಕ್ಕಾಗಿ ಅಲೆದಾಡುವ ಅಗತ್ಯವೇ ಇಲ್ಲ. ಇಷ್ಟೆಲ್ಲ ನಮ್ಮದೆನಿಸಿದರೂ 2024ರ ಚುನಾವಣೆಯ ದಿನಗಳಲ್ಲಿ ನಾವು ಅತಿಥಿಗಳೆಂಬುದು ಚೆನ್ನಾಗಿ ಮನದಟ್ಟಾಯಿತು.

ಅಮೆರಿಕದ ಚುನಾವಣೆ ಮನೆಯಂಗಳದಲ್ಲೇ ನಡೆಯುತ್ತದೆ. ಹುಲ್ಲಿನಲ್ಲಿ ನೆಟ್ಟ ಪುಟ್ಟ ಫಲಕಗಳಿಂದ ಯಾವ ಮನೆಯವರು ಯಾರ ಪರ ಎಂದು ಬೀದಿಗೆಲ್ಲ ತಿಳಿಯುತ್ತದೆ. ಟಿವಿ ಹಾಕಿದರೆ ಜಾಹೀರಾತು, ಟಪಾಲು ಪೆಟ್ಟಿಗೆ ತೆರೆದರೆ ಕರಪತ್ರ. ಡಿಯರ್‌ಬಾರ್ನ್‌ನಲ್ಲಿ ಅದಕ್ಕೆ ಗಾಝಾದ ನೋವೂ ಸೇರಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಮಿಷಿಗನ್ ರಾಜ್ಯದ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಒಂದು ಲಕ್ಷಕ್ಕೂ ಅಧಿಕ ಮಂದಿ ಯಾವ ಅಭ್ಯರ್ಥಿಗೂ ಬದ್ಧರಲ್ಲವೆಂದು ಮತ ಹಾಕಿದ್ದರು. ನವೆಂಬರ್‌ನಲ್ಲಿ ಒಂದೇ ಮನೆಯ ಅಣ್ಣ ಒಬ್ಬರಿಗೆ, ತಂಗಿ ಇನ್ನೊಬ್ಬರಿಗೆ, ತಾಯಿ ಮೂರನೆಯವರಿಗೆ ಮತ ಹಾಕಿದ್ದನ್ನು ಕಂಡೆ. 2020ರಲ್ಲಿ ಬೈಡನ್‌ಗೆ ಭಾರೀ ಬೆಂಬಲ ನೀಡಿದ್ದ ಈ ನಗರದಲ್ಲಿ ಈ ಬಾರಿ ಟ್ರಂಪ್ ಎಲ್ಲರಿಗಿಂತ ಹೆಚ್ಚು ಮತ ಪಡೆದರು.

ಒಂದು ಸಂಜೆ ಸ್ಕಾರ್ಫ್ ಧರಿಸಿದ ಇಬ್ಬರು ಹುಡುಗಿಯರು ಬಾಗಿಲು ತಟ್ಟಿ, "ಸಿಸ್ಟರ್, ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ?" ಎಂದು ಕೇಳಿದರು.

"ನಾವು ಕೆನಡಾದವರಮ್ಮಾ" ಎಂದೆ.

"ಓ, ಹಾಗಾದರೆ ನೀವು ಆರಾಮ" ಎಂದು ನಕ್ಕು ಮುಂದಿನ ಮನೆಗೆ ನಡೆದರು. ಪೌರರಲ್ಲದವರು ಇಲ್ಲಿನ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕಿದರೆ ಅದು ಶಿಕ್ಷಾರ್ಹ ಅಪರಾಧ. ಇಲ್ಲೇ ತೆರಿಗೆ ಕಟ್ಟುತ್ತೇವೆ, ಮಗಳು ಇಲ್ಲೇ ಓದುತ್ತಾಳೆ. ಆದರೆ ಅಭಿಪ್ರಾಯ ಮಾತ್ರ ಅಡುಗೆಮನೆಯೊಳಗೇ ಉಳಿಯಬೇಕು.

ಅದೇ ವರ್ಷ ಏಪ್ರಿಲ್ 26ರಂದು ದಕ್ಷಿಣ ಕನ್ನಡದಲ್ಲಿ ಲೋಕಸಭೆಗೆ ಮತದಾನವಾಗಿತ್ತು. ಊರಿನಿಂದ ಉಮ್ಮ ವಿಡಿಯೋ ಕರೆ ಮಾಡಿ ಶಾಯಿ ಹಚ್ಚಿದ ಎಡಗೈ ಬೆರಳನ್ನು ತೋರಿಸಿ, "ನಿನ್ನ ಬೆರಳಿಗೆ ಯಾವಾಗ?" ಎಂದು ಕೇಳಿದ್ದರು. ಕೆನಡಾದ ಪೌರತ್ವ ಪಡೆದ ದಿನವೇ ನಮ್ಮ ಭಾರತೀಯ ಪೌರತ್ವ ಮುಗಿದಿತ್ತು. ಸಾಗರೋತ್ತರ ಭಾರತೀಯರ ಕಾರ್ಡಿನಿಂದ ಊರಿಗೆ ಬರಬಹುದು, ಆದರೆ ಮತ ಹಾಕುವಂತಿಲ್ಲ. ಹೀಗೆ ಹುಟ್ಟಿದ ನೆಲದಲ್ಲಿ ಮತವಿಲ್ಲ, ಬದುಕುವ ನೆಲದಲ್ಲೂ ಇಲ್ಲ. ನಮಗಿರುವುದು ನದಿಯಾಚೆಯ ಒಂದೇ ಮತ.

ಅದೂ ಸುಲಭವಾಗಿ ಉಳಿದದ್ದಲ್ಲ. ಐದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿರುವ ಕೆನಡಿಯನ್ನರಿಗೆ ಮತದಾನದ ಹಕ್ಕಿಲ್ಲ ಎಂಬ ನಿಯಮ 1993ರಿಂದ ಇತ್ತು. ಅಮೆರಿಕದಲ್ಲಿ ಉದ್ಯೋಗದಲ್ಲಿದ್ದ ಇಬ್ಬರು ಕೆನಡಿಯನ್ನರು ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. 2018ರ ಕೊನೆಯಲ್ಲಿ ಸಂಸತ್ತು ಆ ಮಿತಿಯನ್ನು ತೆಗೆದುಹಾಕಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅಂತಹ ಮಿತಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು.

2025ರ ಮಾರ್ಚ್ 23ರಂದು, ರಮಝಾನ್‌ನ ಕೊನೆಯ ದಿನಗಳಲ್ಲಿ, ಕೆನಡಾದ ಚುನಾವಣೆ ಘೋಷಣೆಯಾಯಿತು. ಮತದಾನ ಏಪ್ರಿಲ್ 28ಕ್ಕೆ. ಟ್ರಂಪ್ ಅವರು ಕೆನಡಾವನ್ನು 51ನೇ ರಾಜ್ಯವೆಂದು ಕರೆಯುತ್ತಿದ್ದ, ಕಾರುಗಳ ಮೇಲೆ ಶೇ. 25 ಸುಂಕ ಹೇರಿದ ದಿನಗಳವು. ಈದ್‌ಗೆ ವಿಂಡ್ಸರ್‌ಗೆ ಹೋದಾಗ ಮನೆಗಳ ಕಿಟಕಿಗಳಲ್ಲಿ ಮೇಪಲ್ ಎಲೆಯ ಬಾವುಟಗಳಿದ್ದವು. ಪ್ರತಿ ತಿಂಗಳು ಡೆಟ್ರಾಯ್ಟಿಗೆ ಖರೀದಿಗೆ ಬರುತ್ತಿದ್ದ ಗೆಳತಿ, "ಇನ್ನು ಆಚೆ ಕಾಲಿಡುವುದಿಲ್ಲ, ನೀನೇ ಬಾ" ಎಂದಳು. ಅವಳ ಗಂಡ ಕಾರು ಕಾರ್ಖಾನೆಯ ಕಾರ್ಮಿಕ. ಸೇಮಿಗೆ ಪಾಯಸದ ಬಟ್ಟಲು ಹಿಡಿದು ಮಾತನಾಡುತ್ತಿದ್ದ ಹೆಂಗಸರೆಲ್ಲರ ಚಿಂತೆ ಒಂದೇ: ಕೆಲಸ ಉಳಿಯುತ್ತದೆಯೇ? ಅಂದು ಸಂಜೆ ಸೇತುವೆ ದಾಟಿ ಬಂದರೆ ನಮ್ಮ ಬೀದಿಯಲ್ಲಿ ಕೆನಡಾದಲ್ಲಿ ಚುನಾವಣೆಯಿದೆ ಎಂದು ತಿಳಿದವರೇ ವಿರಳ. ಚುನಾವಣೆಯ ಕಾಲದಲ್ಲಿ ಪರದೇಶದಲ್ಲಿರುವುದೆಂದರೆ ಹೀಗೆ. ಅವರ ಚುನಾವಣೆಯಲ್ಲಿ ನಾವು ಮೌನ, ನಮ್ಮದರಲ್ಲಿ ಅವರು ಮೌನ.

ಮುಂಚೆಯೇ ಹೆಸರು ನೋಂದಾಯಿಸಿದ್ದರಿಂದ ಮತಪತ್ರಗಳು ಅಂಚೆಯಲ್ಲಿ ಬಂದವು. ಮೂರು ಲಕೋಟೆಗಳು. ಮಗಳಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ಒಳಗಿನ ಮತಪತ್ರದಲ್ಲಿ ಚಿಹ್ನೆಯೂ ಇಲ್ಲ, ಹೆಸರೂ ಇಲ್ಲ, ಒಂದು ಖಾಲಿ ಜಾಗ. ಅಭ್ಯರ್ಥಿಯ ಹೆಸರನ್ನು ನಾವೇ ಕೈಯಾರೆ ಬರೆಯಬೇಕು. ಬರೀ ಪಕ್ಷದ ಹೆಸರು ಬರೆದರೆ ಆಗದು. ನಮ್ಮ ಕ್ಷೇತ್ರದ ಒಬ್ಬರ ಪೋಲಿಷ್ ಮೂಲದ ಮನೆಹೆಸರಿನಲ್ಲಿ ಇಂಗ್ಲಿಷಿನ ಹನ್ನೊಂದು ಅಕ್ಷರ! ಬರೆದದ್ದನ್ನು ಒಳಲಕೋಟೆಗೆ ಹಾಕಿ, ಅದನ್ನು ಹೊರಲಕೋಟೆಯಲ್ಲಿಟ್ಟು ಸಹಿ ಮಾಡಬೇಕು. ಚುನಾವಣೆಯ ದಿನ ಸಂಜೆ ಆರರೊಳಗೆ ಅದು ಒಟ್ಟಾವಾ ತಲುಪದಿದ್ದರೆ ಲೆಕ್ಕಕ್ಕಿಲ್ಲ. ಅಂಚೆ ಮತಕ್ಕೆ ಅರ್ಜಿ ಹಾಕಿದವರು ಮತಗಟ್ಟೆಗೆ ಹೋಗುವಂತೆಯೂ ಇಲ್ಲ. ಟೆಕುಮ್ಸೆ ನಮ್ಮ ಮನೆಯಿಂದ ಒಂದು ಗಂಟೆಯೊಳಗಿನ ದಾರಿ. ನಮ್ಮ ಮತ ಮಾತ್ರ ನೂರಾರು ಕಿ.ಮೀ. ದೂರದ ರಾಜಧಾನಿಗೆ ಹೋಗಬೇಕು. ಮಗಳು ಕೈಯಿಂದ ಮರೆಮಾಡಿ ಬರೆದಳು. ಇವರು ಮೂರೂ ಲಕೋಟೆಗಳನ್ನು ಕೊರಿಯರ್‌ಗೆ ಕೊಟ್ಟು ಬಂದರು.

ಮಾರ್ಕ್ ಕಾರ್ನಿಯವರ ಲಿಬರಲ್ ಪಕ್ಷ ಅಧಿಕಾರದಲ್ಲಿ ಉಳಿಯಿತು. ಆದರೆ ನಮ್ಮ ವಿಂಡ್ಸರ್-ಟೆಕುಮ್ಸೆ-ಲೇಕ್‌ಶೋರ್ ಕ್ಷೇತ್ರದ ಫಲಿತಾಂಶಕ್ಕೆ ಮೇ ತಿಂಗಳ ಕೊನೆಯವರೆಗೆ ಕಾಯಬೇಕಾಯಿತು. ಅಂತರ ತೀರಾ ಕಡಿಮೆಯಿದ್ದುದರಿಂದ ನ್ಯಾಯಾಧೀಶರ ಮುಂದೆ ಮರುಎಣಿಕೆ ನಡೆಯಿತು. ಕನ್ಸರ್ವೇಟಿವ್ ಪಕ್ಷದ ಕ್ಯಾಥಿ ಬೊರೆಲ್ಲಿ ಮತ್ತು ಲಿಬರಲ್ ಪಕ್ಷದ ಐರೆಕ್ ಕುಸ್ಮಿಯರ್ಚಿಕ್, ಇಬ್ಬರಿಗೂ 32 ಸಾವಿರಕ್ಕೂ ಹೆಚ್ಚು ಮತ. ಬೊರೆಲ್ಲಿ ಗೆದ್ದರು, ಅಂತರ ಕೇವಲ ನಾಲ್ಕು ಮತ. ಕ್ವಿಬೆಕ್ ಪ್ರಾಂತದ ಟೆರ್‌ಬಾನ್ ಎಂಬ ಕ್ಷೇತ್ರದಲ್ಲಂತೂ ಮರುಎಣಿಕೆಯ ಬಳಿಕ ಒಂದೇ ಮತದ ಅಂತರ ಬಂತು. ಲಕೋಟೆಯ ಮೇಲೆ ಮುದ್ರಿಸಿದ್ದ ಪಿನ್‌ಕೋಡ್ ತಪ್ಪಿದ್ದರಿಂದ ಒಬ್ಬ ಮತದಾರಳ ಅಂಚೆ ಮತ ಅವಳ ಮನೆಗೇ ಮರಳಿತ್ತು. ಆ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು.

ಯಾರ ಹೆಸರು ಬರೆದೆವೆಂದು ಮನೆಯಲ್ಲಿ ನಾವು ಒಬ್ಬರನ್ನೊಬ್ಬರು ಕೇಳಿಲ್ಲ. ನಾಲ್ಕು ಮತದ ಸುದ್ದಿಯನ್ನು ಉಮ್ಮನಿಗೆ ಹೇಳಿದಾಗ ಅವರು, "ಅಲ್ಲಾ, ನಮ್ಮ ಪಂಚಾಯತ್ ಚುನಾವಣೆಯಂತೆಯೇ ಆಯಿತಲ್ಲ!" ಎಂದು ನಕ್ಕರು. ಮಗಳು ನಗಲಿಲ್ಲ. ನಮ್ಮಂತಹ ಎರಡು ಮನೆಗಳವರು ಲಕೋಟೆಯನ್ನು ಫ್ರಿಜ್‌ನ ಮೇಲೇ ಬಿಟ್ಟಿದ್ದರೆ ಒಬ್ಬ ಸಂಸದರೇ ಬದಲಾಗಬಹುದಿತ್ತೆಂದು ಅವಳು ಲೆಕ್ಕ ಹಾಕುತ್ತಿದ್ದಳು. ಮನೆಯ ಹತ್ತಿರದ ಶಾಲೆಯಲ್ಲೇ ಮತಗಟ್ಟೆಯಿರುವ ಸಹೋದರಿಯರು ಬಿಸಿಲೆಂದೋ ಅಡುಗೆಯಾಗಿಲ್ಲವೆಂದೋ ಕುಳಿತುಕೊಳ್ಳುವ ಮುನ್ನ ಈ ನಾಲ್ಕನ್ನು ಒಮ್ಮೆ ನೆನೆಯಲಿ.